ಈನಿಡ್ ಬಿದ್ದದ್ದು ಹೇಗೆ

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಕಾರ್ಖಾನೆಯಲ್ಲಿ ಮೀನು ಸೀಳುತ್ತಲೇ ತಲೆ ನರೆಸಿಕೊಂಡ ಈನಿಡ್ ಥರ್ಕೆಲ್, ಗಂಡ ತೀರಿಕೊಂಡ ಮೇಲೆ ತಂಗಿ ನೊರೀನಳ ಎದುರುಮನೆಗೆ ಬಂದು ನೆಲೆಸಿದ್ದಳು. ಅಕ್ಕತಂಗಿಯರು ದಿನಾ ಏನಾದರೊಂದಕ್ಕೆ ಬೈದಾಡಿಕೊಳ್ಳುತ್ತಿದ್ದರು. ಚಳಿಗಾಲ ಮುಗಿಯುತ್ತ ಬಂದಾಗ ಜೊತೆಯಾಗಿ ಸ್ಪೇನಿನ ಕಡಲತೀರದ ಒಂದೇ ಹೋಟೆಲಿಗೆ ಹೋಗಿ, ಬಿಸಿಲು ಕಾಯಿಸಿಕೊಂಡು ಬರುತ್ತಿದ್ದರು. ಈನಿಡಳ ಎದೆಬಡಿತ ತಾಳ ತಪ್ಪಿ, ವೈದ್ಯರು ಎಡ ಹೆಗಲ ಕೆಳಗೆ ಚರ್ಮದಡಿ ಪೇಸ್‌ಮೇಕರ್ ಕೂರಿಸಿದ ವರ್ಷ ಆ ಪ್ರವಾಸ ನಿಂತುಹೋಯಿತು.

"ನೀನು ಹೋಗಿಬಾರೆ," ಎಂದು ಈನಿಡ್ ಹೇಳಿ ನೋಡಿದಳು.

"ಒಬ್ಬಳೇ ಹೋಗಿ ಯಾರ ಹತ್ರ ಜಗಳ ಆಡ್ಲಿ?" ಎಂದಳು ನೊರೀನ್.

ಎರಡು ಚಳಿಗಾಲ ಹಾಗೆಯೇ ಕಳೆದವು. ಮೂರನೆಯದರಲ್ಲಿ ಈನಿಡ್ ತಾನೇ ಮನಸ್ಸು ಮಾಡಿ ಪ್ರವಾಸದ ವಿಮೆಯವರಿಗೆ ಫೋನು ಹಚ್ಚಿದಳು. ಅಡುಗೆಮನೆಯ ಮೇಜಿನ ಆಚೆ ನೊರೀನ್ ಟೀ ಹಿಡಿದು ಕುಳಿತಿದ್ದಳು. ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಹುಡುಗಿಯೊಬ್ಬಳು ಮೆಲುದನಿಯಲ್ಲಿ ಒಂದೊಂದಾಗಿ ಕೇಳುತ್ತಾ ಹೋದಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಮಾತ್ರೆ ಎಷ್ಟು, ಈಚೆಗೆ ಬದಲಾಯಿಸಿದರೇ.

"ಪೇಸ್‌ಮೇಕರ್ ಹಾಕಿದ ಮೇಲೆ ಯಾವಾಗಾದ್ರೂ ತಲೆ ಸುತ್ತಿ ಬಿದ್ದಿದ್ದೀರಾ, ಮೇಡಂ?"

ನೊರೀನ್ ಬೇಡ ಬೇಡವೆಂದು ತಲೆಯಾಡಿಸಿದಳು. ಈನಿಡ್ ಅದನ್ನು ನೋಡಿಯೂ ನೋಡದವಳಂತೆ, "ಬಿದ್ದಿಲ್ಲ. ಪೋಸ್ಟಾಫೀಸಿನ ಸಾಲಲ್ಲಿ ಒಂದ್ಸಲ ಕಣ್ಣು ಕತ್ತಲೆ ಬಂದಿತ್ತು. ಗೋಡೆ ಹಿಡ್ಕೊಂಡೆ," ಎಂದಳು.

ಅತ್ತ ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಹುಡುಗಿ, ಹೃದಯ ಮತ್ತು ಹೃದಯದಿಂದ ಆಗುವ ಯಾವುದಕ್ಕೂ ವಿಮೆ ಕೊಡಲಾಗುವುದಿಲ್ಲ, ಉಳಿದದ್ದಕ್ಕೆಲ್ಲ ಕೊಡುತ್ತೇವೆ ಎಂದಳು.

"ಅಂದ್ರೆ ಹೃದಯ ಮಾತ್ರ ಮನೇಲಿ ಬಿಟ್ಟು ಹೋಗು ಅಂತೀಯಾ, ಕಂದಾ."

ಹುಡುಗಿಗೆ ನಗು ಬಂದಿರಬೇಕು. "ಹಾಗೇ ಅಂದ್ಕೊಳ್ಳಿ, ಮೇಡಂ."

ಬೇರೆ ಎರಡು ಕಂಪನಿಗಳು ಅಷ್ಟಕ್ಕೂ ಒಪ್ಪಲಿಲ್ಲ. ಪೋಸ್ಟಾಫೀಸಿನ ಮಾತನ್ನು ಯಾಕೆ ಎತ್ತಿದೆ ಎಂದು ನೊರೀನ್ ಆ ವಾರವೆಲ್ಲ ಗೊಣಗಿದಳು. ಈನಿಡ್ ಯೋಚಿಸಿ ನೋಡಿದಳು. ಹೃದಯ ನಿಂತೇ ಹೋದರೆ ಅದು ಯಾವ ದೇಶದಲ್ಲಿ ನಿಂತರೇನು ಎಂದುಕೊಂಡು ಆ ಮೊದಲ ವಿಮೆಯನ್ನೇ ತೆಗೆದುಕೊಂಡಳು.

ಹೋಟೆಲಿನಲ್ಲಿ ಬದಲಾದದ್ದು ಹೆಚ್ಚೇನಿರಲಿಲ್ಲ. ಕೋಣೆ ಗುಡಿಸುವ ಅಂಪಾರೋ ಇಬ್ಬರ ಗುರುತೂ ಹಿಡಿದು, ಕೇಳದೆಯೇ ಒಂದೊಂದು ಕಂಬಳಿ ಹೆಚ್ಚಿಗೆ ತಂದಿಟ್ಟಳು. ಎರಡು ದಿನ ಬಿಸಿಲು ಚೆನ್ನಾಗಿತ್ತು. ಮೂರನೆಯ ಬೆಳಿಗ್ಗೆ ತಿಂಡಿಗೆಂದು ಹೊರಟ ಈನಿಡ್ ಲಿಫ್ಟಿನ ಮುಂದೆ ಬಿದ್ದುಬಿಟ್ಟಳು. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸಿನವರು ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದರು. ಊರಿನಿಂದ ತಂದಿದ್ದ ಸರ್ಕಾರಿ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತಿರಲಿಲ್ಲ. ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆಯೇನೋ ಆಯಿತು. ಆದರೆ ಅದರ ಖರ್ಚನ್ನು ವಿಮೆಯವರು ಹೊರಬೇಕಾದರೆ ಒಂದೇ ಒಂದು ಪ್ರಶ್ನೆ ತೀರ್ಮಾನವಾಗಬೇಕಿತ್ತು. ಕಾಲು ಜಾರಿ ಬಿದ್ದಿದ್ದರೆ ಖರ್ಚು ಅವರದು. ಹೃದಯದ ದೆಸೆಯಿಂದ ತಲೆ ಸುತ್ತಿ ಬಿದ್ದಿದ್ದರೆ ಈನಿಡಳದು.

ವಿಮೆಯವರ ಫೋನು ಬರುವುದಿತ್ತು. ನೊರೀನ್ ಹಾಸಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಜಾರಿದೆ ಅನ್ನು. ನೆಲ ಒದ್ದೆ ಇತ್ತು ಅನ್ನು. ಅಂಪಾರೋ ಆಗಷ್ಟೇ ಒರೆಸಿದ್ಲು."

"ಹಾಗಂದ್ರೆ ಅವಳನ್ನ ಕೆಲಸದಿಂದ ಕಿತ್ತಾಕ್ತಾರೆ."

"ನಾಳೆ ನೀನು ಮನೆ ಮಾರ್ಕೊಂಡ್ರೆ ಅವಳು ಬಂದು ನಿನ್ನ ಇಟ್ಕೊಳ್ತಾಳಾ?"

ಈನಿಡ್ ನೆನಪಿಸಿಕೊಳ್ಳಲು ನೋಡಿದಳು. ಕೋಣೆಯ ಕೀಲಿ ಕೈಯಲ್ಲಿತ್ತು. ಲಿಫ್ಟಿನ ಬಾಗಿಲು ಕಂಡಿತ್ತು. ಆಮೇಲೆ ಕೆನ್ನೆಗೆ ತಣ್ಣನೆಯ ನೆಲ. ನಡುವೆ ಏನಾಯಿತೆಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಅಂಪಾರೋ ಇಲ್ಲದಿದ್ದರೆ ಜಾರಿದೆ ಎಂದುಬಿಡುತ್ತಿದ್ದೆನೇನೋ ಎಂದೂ ಅವಳಿಗೆ ಅನಿಸಿತು.

ಫೋನು ಬಂತು. ಈ ಸಲ ಗಂಡಸಿನ ದನಿ.

"ಬೀಳೋ ಮುಂಚೆ ತಲೆ ಸುತ್ತಿತ್ತಾ?"

"ಗೊತ್ತಿಲ್ಲಪ್ಪ."

"ಜಾರಿದ ಹಾಗೆ ಅನಿಸ್ತಾ?"

"ಅದೂ ಗೊತ್ತಿಲ್ಲ. ಬಿದ್ದ ಮೇಲೆ ಗೊತ್ತಾಯ್ತು, ಬಿದ್ದಿದೀನಿ ಅಂತ."

ಕಾರಣ ಖಚಿತವಾಗುವವರೆಗೂ ಏನೂ ಹೇಳಲಾಗದು ಎಂದು ಆತ ಫೋನಿಟ್ಟ. ನೊರೀನ್ ಎದ್ದು ಹೋದವಳು ಸಂಜೆಯವರೆಗೂ ಕೋಣೆಗೆ ಬರಲಿಲ್ಲ. ಬಂದ ಮೇಲೂ ಮಾತಿಲ್ಲ. ಹೊತ್ತಿಗೆ ಸರಿಯಾಗಿ ಬಂದು ಅಕ್ಕನ ತಲೆ ಬಾಚುವಳು, ದಿಂಬು ಸರಿಮಾಡುವಳು, ತುಟಿ ಮಾತ್ರ ಬಿಚ್ಚಳು. ಹೀಗೆ ಹಲವು ದಿನ ಕಳೆದವು. ಈನಿಡ್ ಗೋಡೆಯ ಕಡೆ ಮುಖ ಮಾಡಿ, ಗ್ರಿಮ್ಸ್‌ಬಿಯ ಮನೆಯನ್ನು ಕೊಳ್ಳಬಲ್ಲವರು ಬೀದಿಯಲ್ಲಿ ಯಾರಿದ್ದಾರೆಂದು ಮನಸ್ಸಿನಲ್ಲೇ ಹುಡುಕುತ್ತಿದ್ದಳು.

ಒಂದು ಮಧ್ಯಾಹ್ನ ಹೃದಯದ ವೈದ್ಯೆ ಬೆರೆಂಗೇರ್ ಒಂದು ಯಂತ್ರ ಹಿಡಿದು ಬಂದಳು. ಪೇಸ್‌ಮೇಕರಿನಲ್ಲಿ ಬಡಿತದ ದಾಖಲೆ ಉಳಿದಿರುತ್ತದೆ, ವಿಮೆಯವರ ವೈದ್ಯರು ಅದನ್ನು ಕೇಳಿದ್ದಾರೆ ಎಂದಳು.

"ಅಂದ್ರೆ ಇದು ಇಷ್ಟು ದಿನ ಒಳಗೆ ಕೂತು ನನ್ನ ಮೇಲೆ ಚಾಡಿ ಬರ್ಕೊಳ್ತಿತ್ತಾ?"

"ಚಾಡಿಯೋ ಸಾಕ್ಷಿಯೋ, ನೋಡೋಣ ಅಮ್ಮ," ಎಂದು ವೈದ್ಯೆ ಅಂಗೈಯಗಲದ ಬಿಲ್ಲೆಯೊಂದನ್ನು ಅವಳ ಹೆಗಲ ಕೆಳಗಿಟ್ಟಳು. ನೋವಾಗಲಿಲ್ಲ, ಏನೂ ತಿಳಿಯಲೂ ಇಲ್ಲ. ವೈದ್ಯೆ ಪರದೆಯನ್ನು ಹಿಂದೆ ಮುಂದೆ ಸರಿಸಿ ನೋಡಿದಳು. ಬಿದ್ದ ದಿನ ಬೆಳಗಿನಿಂದ ಸಂಜೆಯವರೆಗೆ ಬಡಿತ ಎಲ್ಲೂ ತಪ್ಪಿರಲಿಲ್ಲ.

"ಬಿದ್ದಿದ್ದು ನೀವು. ನಿಮ್ಮ ಹೃದಯ ಅಲ್ಲ," ಎಂದಳು.

ವಿಮೆಯವರು ಒಪ್ಪಿಕೊಂಡರು. ಕಾಲು ಯಾಕೆ ತಪ್ಪಿತೆಂದು ಆಮೇಲೆ ಯಾರೂ ಕೇಳಲಿಲ್ಲ. ಅಂಪಾರೋ ರಜೆಯ ದಿನ ಕಿತ್ತಳೆ ತಂದು, ಹಾಸಿಗೆಯಂಚಿಗೆ ಕುಳಿತು ಒಂದೊಂದೇ ಸುಲಿದುಕೊಟ್ಟಳು. ನೆಲದ ಮಾತನ್ನು ಅವಳೂ ತೆಗೆಯಲಿಲ್ಲ, ಈನಿಡಳೂ ತೆಗೆಯಲಿಲ್ಲ. ಕಿತ್ತಳೆ ಸಿಹಿಯಾಗಿದ್ದವು. ಅವಳು ಹೋದ ಮೇಲೆ ಈನಿಡಳಿಗೆ ಬಿದ್ದಂದಿನಿಂದ ಮೊದಲ ಸಲ ಒಳ್ಳೆಯ ನಿದ್ದೆ ಬಂತು.

ಊರಿಗೆ ಕರೆದೊಯ್ಯಲು ವಿಮೆಯವರೇ ಒಬ್ಬ ನರ್ಸನ್ನು ಕಳಿಸಿದರು. ವಿಮಾನದಲ್ಲಿ ಕಾಲು ಚಾಚಿಕೊಳ್ಳಲೆಂದು ಈನಿಡಳಿಗೆ ಮೂರು ಸೀಟು ಬಿಟ್ಟುಕೊಟ್ಟಿದ್ದರು. ನೊರೀನಳಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಹಿಂದಿನದು. ವಿಮಾನ ಮೇಲೇರಿ, ಸೀಟಿನ ಬೆಲ್ಟು ಬಿಚ್ಚಬಹುದು ಎಂದೊಡನೆ ಅವಳು ನಡೆದು ಬಂದು ಅಕ್ಕನ ಕಾಲಿನ ಬಳಿ ನಿಂತಳು.

"ಮೂರು ಸೀಟು ನಿಂಗೆ. ನಂಗೆ ಕಕ್ಕಸಿನ ಪಕ್ಕ," ಎಂದಳು.

"ಅಲ್ಲಿ ಗಾಳಿ ಹೇಗಿದೆ?" ಎಂದು ಈನಿಡ್ ಕೇಳಿದಳು. ಅಲ್ಲಿಂದ ಶುರುವಾದ ಜಗಳ ವಿಮಾನ ಇಳಿಯುವವರೆಗೂ ನಡೆಯಿತು.