ಟೈರಿನ ಮೇಲೆ ನಿಲ್ಲುವ ಕೆಲಸ

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಯಜಮಾನರದೊಂದು ಟೈರ್ ಅಂಗಡಿ ಇದೆ. ಅಂಗಡಿ ಅಂದರೆ ದೊಡ್ಡದೇನಲ್ಲ. ಕೊಟ್ಟೂರು ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು, ಅದರ ಮುಂದೊಂದು ಬೇವಿನ ಮರ, ಹಿಂದೆ ನಮ್ಮ ಮನೆ. ಅಲ್ಲಿ ನನ್ನ ಕೆಲಸ ಟೈರಿನ ಮೇಲೆ ನಿಲ್ಲುವುದು. ನಗುವವರು ನಗಲಿ. ರಿಮ್ಮಿಗೆ ಟೈರ್ ಕೂಡಿಸುವಾಗ ಒಂದು ಕಡೆಯ ಅಂಚನ್ನು ಲಿವರ್ ಅನ್ನುವ ಕಬ್ಬಿಣದ ಪಟ್ಟಿ ಹಾಕಿ ಒಳಗೆ ತಳ್ಳಿದರೆ ಇನ್ನೊಂದು ಕಡೆಯ ಅಂಚು ಮೇಲೆದ್ದು ಬರುತ್ತದೆ. ಅದು ಏಳದಂತೆ ಯಾರಾದರೂ ತುಳಿದು ನಿಂತಿರಬೇಕು. ಮದುವೆಯಾದ ಹೊಸತರಲ್ಲಿ, ಆಳು ಬಾರದ ಒಂದು ದಿನ, ಇವರು ಅಡುಗೆಮನೆಯ ಬಾಗಿಲಿಗೆ ಬಂದು "ಒಂದೀಟು ಬಂದು ನಿಲ್ಲು" ಅಂದರು. ಅವತ್ತು ಹತ್ತಿದವಳು ನಾನು ಕಳೆದ ವರ್ಷದತನಕ ಇಳಿದಿರಲಿಲ್ಲ.

ನನ್ನ ತವರು ಹಡಗಲಿ ಕಡೆ, ಮಲ್ಲಿಗೆ ತೋಟದ ಮನೆ. ಬೆಳಕು ಹರಿಯುವ ಮೊದಲೇ ಎದ್ದು ಮೊಗ್ಗು ಬಿಡಿಸುತ್ತಿದ್ದೆವು. ಬುಟ್ಟಿ ತುಂಬಿದರೂ ಹೂವು ತೂಕಕ್ಕೆ ಬರುತ್ತಿರಲಿಲ್ಲ, ಬಿಡಿಸುವ ನಾನು ಮಾತ್ರ ಮೈಕೈ ತುಂಬಿಕೊಂಡಿದ್ದೆ. ನನ್ನನ್ನು ಮನೆ ತುಂಬಿಸಿಕೊಂಡ ದಿನವೇ ನಮ್ಮತ್ತೆ, "ನನ್ನ ಮಗ ಸೊಸಿನ್ನ ತಂದಿಲ್ಲವ್ವ, ರೋಡ್ ರೋಲರ್ ತಂದಾನ" ಅಂದಿದ್ದರು. ನನಗೆ ಸಿಟ್ಟು ಬಂತು. ಇವರು ನಕ್ಕು, "ನನ್ನ ಅಂಗಡಿಗೆ ಅದೇ ಬೇಕಾಗಿತ್ತು ಬಿಡು" ಅಂದರು. ಆ ಮಾತಿಗೆ ನನ್ನ ಸಿಟ್ಟು ಇಳಿದು ಹೋಯಿತು ಅನ್ನುವುದೂ ನಿಜ. ಆಮೇಲೆ ಇವರು ಶೆಡ್ಡಿನ ತೊಲೆಗೆ ಒಂದು ಹಗ್ಗ ಕಟ್ಟಿಕೊಟ್ಟರು, ನಿಂತಾಗ ನಾನು ಜೋಲಿ ಹೊಡೆಯಬಾರದೆಂದು. ಟ್ರ್ಯಾಕ್ಟರಿನದು, ಜೀಪಿನದು, ಟೆಂಪೋದ್ದು, ಎಂಥ ಹಟಮಾರಿ ಟೈರಾದರೂ ನಾನು ಹತ್ತಿ ನಿಂತರೆ ಸುಮ್ಮನಾಗುತ್ತಿತ್ತು.

ಕಳೆದ ವರ್ಷ ಯುಗಾದಿಯ ಆಸುಪಾಸಿನಿಂದ ನನ್ನ ಮೈ ಇಳಿಯತೊಡಗಿತು. ಉಂಡರೂ ಮೈಗೆ ಹತ್ತದು. ಬೆಳಿಗ್ಗೆ ಏಳುವಾಗಲೇ ಸಂಜೆಯ ಸುಸ್ತು. ರವಿಕೆಗಳನ್ನು ಹಿಡಿಸಿಕೊಂಡೆ, ಜಾರುವ ಬಳೆಗಳನ್ನು ತೆಗೆದಿಟ್ಟು ಸಣ್ಣವನ್ನು ಇಡಿಸಿಕೊಂಡೆ, ಕಾಲುಂಗುರ ಕಳಚಿ ಬೀಳದಂತೆ ಅದಕ್ಕೆ ದಾರ ಸುತ್ತಿಕೊಂಡೆ. ಊರಿನ ಡಾಕ್ಟರಮ್ಮ ಕೈ ಹಿಡಿದು ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ದಾವಣಗೆರಿಗೆ ಹೋಗಿ ಎಲ್ಲಾ ಟೆಸ್ಟ್ ಮಾಡಿಸ್ರಿ. ತಡ ಮಾಡಬ್ಯಾಡ್ರಿ. ಯಜಮಾನ್ರನ್ನ ಜೊತಿಗೆ ಕರಕೊಂಡು ಹೋಗ್ರಿ" ಅಂದರು. ಒಬ್ಬಳೇ ಹೋಗಲು ನನಗೆ ಹೆದರಿಕೆಯಾಗಿತ್ತು. ಅಲ್ಲಿ ಏನು ಹೇಳುತ್ತಾರೋ, ಅದನ್ನು ಕೇಳುವಾಗ ಇವರು ಪಕ್ಕದಲ್ಲಿರಬೇಕು ಅನ್ನಿಸಿತ್ತು.

ಇವರಿಗೆ ಹೇಳಿದೆ. ಮತ್ತೂ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. "ವಯಸ್ಸಾದ ಮ್ಯಾಲೆ ಸುಸ್ತು ಆಗದ ಇರ್ತದೇನು? ನನಗೂ ಆಗ್ತೈತಿ. ಈ ಒಂದು ಕೆಲಸ ಮುಗೀಲಿ, ಹೋಗೋಣಂತ." ಟೈರ್ ಅಂಗಡಿಯಲ್ಲಿ ಈ ಒಂದು ಕೆಲಸ ಅನ್ನುವುದಕ್ಕೆ ಕೊನೆಯುಂಟೆ? ಒಬ್ಬನ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಬ್ಬ ಗಾಡಿ ತಳ್ಳಿಕೊಂಡು ಬಂದಿರುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗೊಣಗುತ್ತಾ ನಾನೂ ಹೋಗಿ ನಿಲ್ಲುತ್ತಿದ್ದೆ. ಜಗಳವಾಡಲು ಕೂಡ ಮೈಯಲ್ಲಿ ಕಸುವು ಬೇಕಲ್ಲ.

ಹೀಗಿರುವಾಗ ಕೊಟ್ಟೂರಿನಿಂದ ಒಬ್ಬ ಸಾಹುಕಾರರು ಬಂದರು. ಅವರ ಅಜ್ಜನ ಕಾಲದ ಕಾರೊಂದು ಮನೆಯಲ್ಲಿದೆಯಂತೆ. ಅದು ಓಡುವುದಿಲ್ಲ. ಅದನ್ನು ನಿಲ್ಲಿಸಲಿಕ್ಕೆಂದೇ ನಮ್ಮ ಮನೆಗಿಂತ ದೊಡ್ಡ ಗ್ಯಾರೇಜು ಕಟ್ಟಿಸಿದ್ದಾರೆ, ನೆಲಕ್ಕೆಲ್ಲ ಟೈಲ್ಸ್. ಕಾರಿನ ಪಕ್ಕ ಅದರದ್ದೇ ಒಂದು ಹಳೆಯ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೇಲಿನಿಂದ ಲೈಟು ಬಿಡಬೇಕಂತೆ, ಬಂದವರು ನೋಡಲಿಕ್ಕೆ. ರಿಮ್ಮು ಒಂದು ಕಡೆ, ಟೈರು ಒಂದು ಕಡೆ ಬಿದ್ದಿದ್ದವು. ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಯಂತ್ರದಿಂದ ಟೈರ್ ಕೂಡಿಸುವವರ ಬಳಿ ಮೊದಲು ಹೋಗಿದ್ದರು. ರಬ್ಬರ್ ಒಣಗಿದೆ, ಯಂತ್ರಕ್ಕೆ ಕೊಟ್ಟರೆ ಸೀಳುತ್ತದೆ ಎಂದು ಅವರು ಕೈಚೆಲ್ಲಿಬಿಟ್ಟರು.

ನಮ್ಮ ಯಜಮಾನರು ಆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದನ್ನು ನೋಡಬೇಕಿತ್ತು. ತೋಟಕ್ಕೆ ಬಂದ ವ್ಯಾಪಾರಿ ಮೊಗ್ಗನ್ನೂ ಅಷ್ಟು ನಯವಾಗಿ ಮುಟ್ಟುತ್ತಿರಲಿಲ್ಲ. "ಇದೇ ಕಾರಿಗೆ ನಾನು ಸಣ್ಣಾವಿದ್ದಾಗ ಪಂಕ್ಚರ್ ಹಾಕೀನ್ರಿ" ಅಂದರು. ಹಳೆಯ ಕಾರು ಯಾವುದು ಬಂದರೂ ಇವರು ಹೀಗೇ ಅನ್ನುವುದು. ನಾನು ಒಳಗಿನಿಂದಲೇ, "ಅದು ಇನ್ನ ಮ್ಯಾಲೆ ರಸ್ತೇದಾಗ ಓಡಂಗಿಲ್ಲ. ಸುಮ್ನ ಮ್ಯಾಲೆ ಮ್ಯಾಲೆ ಕೂಡಿಸಿ ಕೊಟ್ರ ಆತಿಲ್ಲ?" ಅಂದೆ.

"ಓಡ್ಲಿ ಬಿಡ್ಲಿ, ಚಕ್ರ ಚಕ್ರಾನ. ನಾಲ್ಕು ಮಂದಿ ನೋಡಾದು. ಅಂಚು ಎದ್ದಿದ್ರ ನನ್ನ ಮರ್ಯಾದಿ ಹೋದಂಗ" ಅಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ಇದೊಂದು ಮುಗೀಲಿ, ದಾವಣಗೆರಿಗೆ ಹೋಗೋಣಂತ" ಅಂದರು. ನಾನು ಒಲೆಯ ಕಡೆ ತಿರುಗಿದೆ.

ಕೆಲವು ದಿನ ಟೈರು ಬಿಸಿಲಿಗೆ ಬಿದ್ದಿತ್ತು, ಕಾದು ಮೆತ್ತಗಾಗಲೆಂದು. ಮಗ್ಗುಲು ಹೊರಳಿಸುವ ಕೆಲಸವೂ ನನಗೇ ಬಂತು. ಇವರು ರಿಮ್ಮಿನ ತುಕ್ಕು ಉಜ್ಜಿ, ಬಣ್ಣ ಬಳಿದು ಒಣಗಿಸಿದರು. ಇವರಿಗೆ ಅದರ ಧ್ಯಾನ, ನನಗೆ ನನ್ನ ಹೆದರಿಕೆ. ಒಂದೇ ಮನೆಯಲ್ಲಿ ಉಂಡು, ಒಂದೇ ಮನೆಯಲ್ಲಿ ಮಲಗಿ, ಎರಡು ಊರಿನವರ ಹಾಗೆ ಇದ್ದೆವು. ಸೋತು ಸುಣ್ಣವಾಗಿದ್ದೆ ನಾನು.

ಕೂಡಿಸುವ ದಿನ ಸಾಹುಕಾರರೂ ಬಂದರು, ಬಿಳಿ ಅಂಗಿ, ಬಿಳಿ ಪ್ಯಾಂಟು. ಬೇವಿನ ನೆರಳಿನಲ್ಲಿ ಗಿರಾಕಿಗಳಿಗಾಗಿ ಹಾಕಿದ ಬೆಂಚಿನ ಮೇಲೆ ಕೂತು ಫೋನು ತೆಗೆದು ಹಿಡಿದರು. ಇವರು ಸೋಪಿನ ನೀರನ್ನು ಅಂಚಿಗೆಲ್ಲ ಸವರಿದರು. ಕೆಳಗಿನ ಅಂಚು ಸಲೀಸಾಗಿ ಕೂತಿತು. ಪೌಡರ್ ಹಚ್ಚಿದ ಟ್ಯೂಬನ್ನು ಒಳಗಿಟ್ಟರು. ಇನ್ನು ಮೇಲಿನ ಅಂಚು. ಬಗ್ಗಿ ಕೂತು ಲಿವರ್ ಹಾಕಿ, ತಲೆ ಎತ್ತದೆಯೇ "ಹತ್ತು" ಅಂದರು.

ಹತ್ತಿದೆ. ಹಗ್ಗ ಹಿಡಿದೆ. ಇವರು ಲಿವರ್ ಎತ್ತಿದರು. ನನ್ನ ಕಾಲ ಕೆಳಗಿನ ಅಂಚು ಸರಕ್ಕನೆ ಮೇಲೆದ್ದು, ಅದುವರೆಗೆ ಕೂತಿದ್ದಷ್ಟೂ ಹೊರಗೆ ಬಂತು.

"ಸರಿಯಾಗಿ ನಿಲ್ಲು" ಅಂದರು. ಮತ್ತೆ ಮೊದಲಿನಿಂದ. ಮತ್ತೆ ಎದ್ದಿತು.

"ನಿಂತೀ ಏನು?"

"ನಿಂತೀನ್ರಿ."

"ಹಗ್ಗಕ್ಕ ಜೋತು ಬಿದ್ದಿರಬೇಕು. ಹಗ್ಗ ಬಿಡು."

ಬಿಟ್ಟೆ. ಕೈ ಎರಡೂ ಕೆಳಗೆ ಇಳಿಬಿಟ್ಟು, ಹಿಮ್ಮಡಿ ಊರಿ, ನನ್ನಲ್ಲಿ ಇದ್ದಬದ್ದ ಭಾರವನ್ನೆಲ್ಲ ಹಾಕಿ ನಿಂತೆ. ಇವರು ಹಲ್ಲು ಕಚ್ಚಿ ಲಿವರ್ ಎತ್ತಿದರು. ಟೈರು ನನ್ನನ್ನು ಹೊತ್ತುಕೊಂಡೇ ಮೇಲೆದ್ದಿತು.

"ಲೇ, ನಿಲ್ಲು ಅಂದ್ರ ನಿಲ್ಲಬೇಕು" ಅಂದರು, ಸಿಟ್ಟಿನಿಂದ.

"ನಿಂತೀನಲ್ರಿ. ಇನ್ನ ಹೆಂಗ ನಿಲ್ಲಲಿ ನಾನು?" ಅಂದೆ. ನನ್ನ ದನಿ ಒಡೆಯಿತು. ಪರರ ಮುಂದೆ ಹಾಗಾಗಬಾರದಿತ್ತು, ಆಯಿತು.

ಆಗ ಇವರು ನೋಡಿದರು. ಮುಖವನ್ನಲ್ಲ, ಮೊದಲು ಪಾದವನ್ನು. ಹಿಮ್ಮಡಿ ಊರಿಯೇ ಇತ್ತು. ಕಾಲುಂಗುರಕ್ಕೆ ಸುತ್ತಿದ ದಾರ ಗ್ರೀಸು ಹತ್ತಿ ಕಪ್ಪಾಗಿತ್ತು. ಅದನ್ನು ಬೆರಳಿನಿಂದ ಮುಟ್ಟಿ, "ಇದು ಯಾವಾಗಿಂದ?" ಅಂದರು.

"ಯುಗಾದಿಯಿಂದ. ಹೇಳೀನಲ್ರಿ ನಿಮಗ."

ದಿನವೂ ಎದುರಿಗೆ ಕೂತು ರೊಟ್ಟಿ ತಿಂದವರಿಗೆ ಕಾಣದ್ದು, ಬಾಯಿಬಿಟ್ಟು ಹೇಳಿದರೂ ಕಿವಿಗೆ ಬೀಳದ್ದು, ಒಂದು ಲಿವರಿನಿಂದ ತಿಳಿಯಿತು. ನನ್ನ ಭಾರ ಎಷ್ಟಿತ್ತೆಂದು ಅವರ ಕೈಗೆ ಗೊತ್ತಿತ್ತು. ಎದ್ದು ನಿಂತು, ನನ್ನ ರಟ್ಟೆ ಹಿಡಿದು ಇಳಿಸಿದರು. ಅಷ್ಟು ವರ್ಷದಲ್ಲಿ ನಾನೇ ಹತ್ತಿ ನಾನೇ ಇಳಿದವಳು. ಸಾಹುಕಾರರಿಗೆ, "ಸ್ವಾಮಿ, ಬೂಟು ಬಿಚ್ಚಿ ನೀವು ಹತ್ರಿ" ಅಂದರು. ಅವರು ನಮ್ಮಿಬ್ಬರ ಮುಖ ಮುಖ ನೋಡಿ, ಪ್ಯಾಂಟು ಮಡಚಿಕೊಂಡು ಹತ್ತಿ, ನನ್ನ ಹಗ್ಗ ಹಿಡಿದರು. ಒಳ್ಳೆಯ ಗಾತ್ರದ ಮನುಷ್ಯ. ಟೈರು ಮಿಸುಕಲಿಲ್ಲ.

ನಾನು ಬೆಂಚಿನ ಮೇಲೆ ಕೂತೆ. ಎಷ್ಟು ವರ್ಷ ಆ ಬೆಂಚಿನ ಧೂಳು ಒರೆಸಿದ್ದೆನೋ, ಕೂತಿದ್ದು ಅವತ್ತೇ ಮೊದಲು. ನನ್ನ ಜಾಗದಲ್ಲಿ ಬೇರೊಬ್ಬರು ನಿಂತದ್ದು ಕಂಡು ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಇಷ್ಟು ದಿನ ಗೊಣಗುತ್ತಾ ಮಾಡಿದ ಕೆಲಸವೇ ಅದು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಇವರು ಅಂಚು ಪೂರ್ತಿ ಕೂಡಿಸಿ, ಗಾಳಿ ತುಂಬಿ, ಚಕ್ರ ಒರೆಸಿ ಕೊಟ್ಟರು. ಚೆನ್ನಾಗಿ ಕೂತಿತ್ತು, ಅದರಲ್ಲಿ ಮಾತಿಲ್ಲ. ಸಾಹುಕಾರರು ಫೋಟೋ ತೆಗೆಯಲು ಕರೆದರೆ ಇವರು ಹೋಗಲಿಲ್ಲ, ಶೆಡ್ಡಿನ ಬಾಗಿಲು ಎಳೆದರು. ಪಂಕ್ಚರಿಗೆಂದು ಗಾಡಿ ತಳ್ಳಿಕೊಂಡು ಬಂದ ಒಬ್ಬರಿಗೆ, "ಇವತ್ತಿಲ್ಲ. ನಾಳೆನೂ ಇಲ್ಲ" ಅಂದರು.

ಮರುದಿನ ಮುಂಜಾನೆ ದಾವಣಗೆರೆಯ ಬಸ್ಸು ಹತ್ತಿದೆವು. ಹರಪನಹಳ್ಳಿಯಲ್ಲಿ ಇವರು ಇಳಿದು ಹೋಗಿ ನನಗೊಂದು ಚಹಾ ತಂದುಕೊಟ್ಟರು, ಸಕ್ಕರೆ ಹೆಚ್ಚು ಹಾಕಿಸಿ. ನನ್ನ ಹೆದರಿಕೆ ಏನೂ ಕಡಿಮೆಯಾಗಿರಲಿಲ್ಲ, ಆದರೆ ಅದನ್ನು ಹೊರಲು ಒಬ್ಬಳೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ತೂಕ. ನರ್ಸ್ ಮಿಷನ್ನಿನ ಮೇಲೆ ನಿಲ್ಲಲು ಹೇಳಿದಳು. ಚಪ್ಪಲಿ ಬಿಟ್ಟು ಹತ್ತಿದೆ. ಅವಳು ಮುಳ್ಳನ್ನು ನೋಡಿ, ನನ್ನ ಎತ್ತರ ನೋಡಿ, ಮತ್ತೆ ಮುಳ್ಳು ನೋಡಿ, "ಗೋಡೆ ಹಿಡೀಬೇಡಿ ಅಮ್ಮ, ಸರಿಯಾಗಿ ನಿಲ್ಲಿ" ಅಂದಳು. ನಾನು ಏನನ್ನೂ ಹಿಡಿದಿರಲಿಲ್ಲ.

ಹಿಂದೆ ನಿಂತಿದ್ದ ಇವರು ಮುಳ್ಳನ್ನು ನೋಡುತ್ತಿರಲಿಲ್ಲ. ಬಗ್ಗಿ ನನ್ನ ಪಾದ ನೋಡುತ್ತಿದ್ದರು.

"ಸರಿಯಾಗೇ ನಿಂತಾಳವ್ವ" ಅಂದರು. "ನನಗೂ ನಿನ್ನೀತನಕ ಗೊತ್ತಾಗಿರಲಿಲ್ಲ."