ಕಾರ್ಡಿನ ಚಿಕ್ಕ ಭಾಗ ಮರೆಮಾಡಿದ ಈಶ್ವರಮ್ಮ

ಮೊಳಕಾಲ್ಮೂರಿನ ಈಶ್ವರಮ್ಮನಿಗೆ ಕಂಪ್ಯೂಟರ್ ಮೇಲೆ ಸಿಟ್ಟಿಲ್ಲ. ಅದು ಕೇಳುವ ಒಂದು ಪ್ರಶ್ನೆಯ ಮೇಲೆ ಮಾತ್ರ ಸಿಟ್ಟು.

ಅವರು ರೇಷ್ಮೆ ಸೀರೆ ನೇಯುವ ಮಗ್ಗದ ಮೇಲೆ ಈಗ ತೂತು ಹೊಡೆದ ಡಿಸೈನಿನ ರಟ್ಟುಗಳಿಲ್ಲ, ಕರೆಂಟಿನ ಪೆಟ್ಟಿಗೆ ಇದೆ. ಸೊಸೆ ಶ್ರುತಿ ಮನೆಯ ಕಂಪ್ಯೂಟರಿನಲ್ಲಿ ಅಂಚು, ಬುಟ್ಟ ಬರೆದು ಮೆಮೊರಿ ಕಾರ್ಡಿಗೆ ಹಾಕುತ್ತಾಳೆ. ಕಾರ್ಡನ್ನು ಪೆಟ್ಟಿಗೆಗೆ ಸಿಕ್ಕಿಸಿದರೆ ಮಗ್ಗ ಅದರ ಪ್ರಕಾರ ಎಳೆ ಎತ್ತುತ್ತದೆ. ಕಾರ್ಡಿನೊಳಗೆ ಎರಡು ಭಾಗ. ದೊಡ್ಡದರಲ್ಲಿ ಡಿಸೈನ್. ಚಿಕ್ಕದು ಪೆಟ್ಟಿಗೆ ಚಾಲೂ ಆಗಲು ಬೇಕಾದದ್ದು. ಅದನ್ನು ಓದಲು ಕಂಪ್ಯೂಟರಿಗೆ ಬರುವುದಿಲ್ಲ. ಹಾಗಾಗಿ ಕಾರ್ಡ್ ಹಾಕಿದಾಗಲೆಲ್ಲ ‘ಇದನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ.

ಯುಗಾದಿಗೆ ಮುಂಚೆ ಈಶ್ವರಮ್ಮನೇ ಒಮ್ಮೆ ‘ಹೌದು’ ಒತ್ತಿಬಿಟ್ಟಿದ್ದರು. ಎಳೆ ಪೋಣಿಸುವ ಬಾಚಣಿಗೆಯಂಥ ಹೊಸ ಅಚ್ಚು ತಂದರೆ ಒರೆಸಿ, ಅರಿಶಿನ ಕುಂಕುಮ ಇಟ್ಟ ಮೇಲೆಯೇ ಮಗ್ಗಕ್ಕೆ ಕಟ್ಟುವವರು ಅವರು. ಫಾರ್ಮ್ಯಾಟ್ ಅಂದರೂ ಅಂಥ ಒರೆಸುವಿಕೆಯೇ ಅಂದುಕೊಂಡರು. ಆಮೇಲೆ ಪೆಟ್ಟಿಗೆ ಚಾಲೂ ಆಗಲೇ ಇಲ್ಲ. ಅದನ್ನು ಮಾರಿದವರು ಬಂದು ಸರಿಮಾಡುವಷ್ಟರಲ್ಲಿ ಅರ್ಧ ನೇಯ್ದ ಸೀರೆಗೆ ದೂಳು ಕೂತು, ಗಿರಾಕಿ ಬೇರೆ ಕಡೆ ಹೋಗಿದ್ದರು.

ಈಗ ಮಗ್ಗದ ಮೇಲಿರುವುದು ತಳಕಿನ ಗಂಗಾಂಬಿಕಾಳ ಧಾರೆ ಸೀರೆ. ಒಡಲು ಮುಗಿದಿದೆ. ಸೆರಗಿನ ಡಿಸೈನ್ ತುಂಬಲು ಕಾರ್ಡ್ ಮತ್ತೆ ಕಂಪ್ಯೂಟರಿಗೆ ಹೋಗಲೇಬೇಕು.

“ಬೇಡ ಅಂತ ಒತ್ತಿದ್ರಾಯ್ತಲ್ಲ ಅತ್ತಮ್ಮ,” ಎಂದಳು ಶ್ರುತಿ.

“ದಣಿದ ಕೈ ಯಾವುದನ್ನ ಒತ್ತುತ್ತೋ! ಆ ಪ್ರಶ್ನೆನೇ ಬರಬಾರದು. ಅಲ್ಲಿಗಂಟ ಕಾರ್ಡ್ ಕೊಡಲ್ಲ.”

ಮರುದಿನವೇ ಕಾರ್ಡನ್ನು ಜರಿಯ ಡಬ್ಬಿಯಲ್ಲಿಟ್ಟುಕೊಂಡು ಚಳ್ಳಕೆರೆ ಬಸ್ ಹತ್ತಿದರು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಶಿಕಾಂತ್ ಅವರ ಮಾತು ಕೇಳಿ, ಕಾರ್ಡ್ ನೋಡಿ, “ಈ ಚಿಕ್ಕ ಭಾಗ ಬೇಡದ್ದು ತಾನೆ? ಅಳಿಸಿಬಿಡಾನ ಬಿಡ್ರಿ,” ಎಂದ.

“ಕೈ ತೆಗಿಯಪ್ಪಾ! ಸೀರೆ ಕೊಯ್ದ ಮೇಲೂ ಅಚ್ಚಿನಾಗೆ ಹಳೆ ಎಳೆ ಬಿಟ್ಟಿರ್ತೀವಿ. ಅದಕ್ಕೇ ಹೊಸ ಎಳೆ ಹೊಸೆಯಾದು. ಅದು ಯಾವ ಸೀರೆಗೂ ಬರಲ್ಲ, ಆದ್ರೆ ಕಿತ್ತರೆ ಮಗ್ಗನೇ ನಿಲ್ತೈತೆ. ಇದೂ ಹಂಗೆ. ಇರಲಿ, ಕಾಣದಂಗೆ ಮಾಡು.”

ಶಶಿಕಾಂತ್ ನಕ್ಕ. “ಪ್ರತಿ ಭಾಗಕ್ಕೂ ಕಂಪ್ಯೂಟರ್ ಇ, ಎಫ್ ಅಂತ ಒಂದು ಅಕ್ಷರ ಕೊಟ್ಟಿರ್ತೈತೆ. ಅಕ್ಷರ ತೆಗೆದ್ರೆ ಕಾಣಲ್ಲ, ಒಳಗಿನದು ಹಂಗೇ ಇರ್ತೈತೆ.” ತೆಗೆದ. ಕಾರ್ಡ್ ಕಿತ್ತು ಮತ್ತೆ ಹಾಕಿ ತೋರಿಸಿದ. ಪ್ರಶ್ನೆ ಬರಲಿಲ್ಲ.

ಮನೆಗೆ ಬಂದು ಹಾಕಿದರೆ ಮತ್ತೆ ಅದೇ ಪ್ರಶ್ನೆ.

“ಬಿಸಿಲಾಗೆ ಅಷ್ಟು ದೂರ ಹೋಗಿದ್ದು ಇದಕ್ಕೇನಾ?” ಶ್ರುತಿ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು.

ಈಶ್ವರಮ್ಮ ನಗಲಿಲ್ಲ. ಕಾರ್ಡ್ ತೆಗೆಸಿ, ಶಶಿಕಾಂತನಿಗೆ ಫೋನ್ ಮಾಡಿದರು.

“ಅಯ್ಯೋ, ಹೇಳಾದು ಮರ್ತೆ ಕಣಮ್ಮ. ತೆಗೆದಿದ್ದು ನನ್ನ ಕಂಪ್ಯೂಟರ್ ನೆನಪಾಗೆ ಉಳೀತು, ಕಾರ್ಡಿನಾಗಲ್ಲ. ನಿಮ್ಮ ಮನೇದ್ರಾಗೂ ಮಾಡಬೇಕು. ನಾಳೆ ತಗಂಬರ್ರಿ.”

“ಕಂಪ್ಯೂಟರ್ ತಲೆ ಮೇಲೆ ಹೊತ್ಕಂಡು ಬರಲೇನು? ನೀನು ಹೇಳು, ನಾವು ಮಾಡ್ತೀವಿ.”

ಶ್ರುತಿ ಕಾರ್ಡ್ ಮತ್ತೆ ಹಾಕಿ, ಪ್ರಶ್ನೆಗೆ ‘ಬೇಡ’ ಒತ್ತಿ, ಶಶಿಕಾಂತ್ ಹೇಳಿದಂತೆ ಡಿಸ್ಕುಗಳ ಪಟ್ಟಿ ತೆರೆದಳು. ಅಕ್ಷರ ಬದಲಿಸುವ ಸಾಲಿನ ಪಕ್ಕದಲ್ಲೇ ಫಾರ್ಮ್ಯಾಟ್, ಅದರ ಕೆಳಗೆ ಅಳಿಸುವ ಸಾಲು. ಶ್ರುತಿಯ ನಗು ಅಲ್ಲಿ ನಿಂತಿತು. ಈಶ್ವರಮ್ಮ ಕುರ್ಚಿಯ ಹಿಂದೆ ನಿಂತು ನಿಯಮ ಹಾಕಿದರು. ಮೊದಲು ಮೌಸಿನಿಂದ ಕೈ ತೆಗೆಯಬೇಕು, ಸಾಲನ್ನು ಜೋರಾಗಿ ಓದಬೇಕು, ಫೋನಿನಲ್ಲಿ ಶಶಿಕಾಂತ್ ಹೂಂ ಅಂದ ಮೇಲೆಯೇ ಒತ್ತಬೇಕು.

“ಹಿಂಗಾದ್ರೆ ಅಂಗಡಿ ಬಾಗಿಲು ಹಾಕೋ ಹೊತ್ತಾಗ್ತೈತೆ,” ಎಂದ ಶಶಿಕಾಂತ್.

“ಹಾಕ್ಕೊ, ಫೋನ್ ಮಾತ್ರ ಇಡಬ್ಯಾಡ.”

ಚಿಕ್ಕ ಭಾಗದ ಅಕ್ಷರ ಹೋಯಿತು. ಕಾರ್ಡ್ ತೆಗೆದು ಹಾಕಿದರು. ಕಂಪ್ಯೂಟರನ್ನೇ ಆರಿಸಿ, ಹಚ್ಚಿ, ಮತ್ತೆ ಹಾಕಿದರು. ಕಂಡದ್ದು ಡಿಸೈನಿನ ಭಾಗ ಮಾತ್ರ. ಶ್ರುತಿ ಸೆರಗಿನ ಡಿಸೈನನ್ನು ಅದಕ್ಕೆ ತುಂಬಿದಳು.

ಆದರೂ ಈಶ್ವರಮ್ಮ ಫೋನ್ ಇಡಲಿಲ್ಲ. ಕಾರ್ಡನ್ನು ಪೆಟ್ಟಿಗೆಗೆ ಸಿಕ್ಕಿಸಿ, ಮಗ್ಗದ ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಕಾಲುಮಣೆ ಮೆಟ್ಟಿದರು. ಪೆಟ್ಟಿಗೆ ಕಟಕಟ ಅಂದಿತು. ಎಳೆಗಳು ಎದ್ದವು. ಲಾಳಿ ದಾಟಿಸಿ ಕೆಲವು ಸಾಲು ನೇಯ್ದು, ಬಗ್ಗಿ ನೋಡಿದರು. ಸೆರಗಿನ ಮೊದಲ ಗೆರೆ ನೇರವಾಗಿ ಬಿದ್ದಿತ್ತು.

“ಆಯ್ತಪ್ಪಾ, ಈಗ ಇಡು,” ಎಂದರು. ಸೊಸೆಯ ಕಡೆ ತಿರುಗಿ, “ತಳಕಿನ ಗಂಗಾಂಬಿಕಾಗೆ ಫೋನ್ ಮಾಡಮ್ಮ. ಸೆರಗು ನೇಯಾಕೆ ಹಿಡಿದೀವಿ ಅಂತ ಹೇಳು.”