ತಟ್ಟೆಯಲ್ಲಿ ಉಳಿದ ಸ್ಪ್ರಿಂಗು

ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡುವ ದೋಣಿಯವನಿಗೆ ಓಣಿಯವರು ಬಿಚ್ಚಣ್ಣ ಎಂದೇ ಹೆಸರಿಟ್ಟಿದ್ದರು. ದೋಣಿಯ ಹಳೇ ಮೋಟಾರಿಗೆ ಪೆಟ್ರೋಲು ಎಳೆದುಕೊಡುವ ಪುಟ್ಟ ಪಂಪು ಸೋರತೊಡಗಿದಾಗ, ಅದು ಬಂದು ಕೂತದ್ದು ಊಟದ ಮೇಜಿನ ಮೇಲೆ.

"ಮೇಜೆಲ್ಲ ನಾರುತ್ತೆ ಕಣ್ರೀ," ಎಂದಳು ಟೀಚರಾಗಿದ್ದ ಅವನ ಹೆಂಡತಿ.

"ಅರ್ಧ ಗಂಟೆ ಅಷ್ಟೇ. ಕಣ್ಣು ಮುಚ್ಕೊಂಡು ಜೋಡಿಸ್ತೀನಿ."

ಹರಿದ ರಬ್ಬರ್ ಪೊರೆ ತೆಗೆದು, ಹೊಸದು ಕೂರಿಸಿ, ಸ್ಕ್ರೂ ಬಿಗಿದು ಅವನು ಕೈ ತೊಳೆಯಲು ಹೋದ. ಪಕ್ಕದಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದ ಹೆಂಡತಿ ತನ್ನ ಕೆಂಪು ಪೆನ್ನಿನ ಸ್ಪ್ರಿಂಗು ತೆಗೆದು, ಅವನು ಬಿಚ್ಚಿದ ಭಾಗಗಳನ್ನು ಇಟ್ಟುಕೊಂಡಿದ್ದ ತಟ್ಟೆಗೆ ಹಾಕಿ, ಏನೂ ಅರಿಯದವಳಂತೆ ಹಾಳೆ ಮಗುಚುತ್ತ ಕೂತಳು.

ಉಳಿದ ಸ್ಪ್ರಿಂಗು ಕಂಡ ಬಿಚ್ಚಣ್ಣ ಇಂಗು ತಿಂದ ಮಂಗನಂತಾದ. ಪಂಪನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿದ.

"ಈಗಲಾದ್ರೂ ಕಣ್ಣು ಬಿಡಿ," ಎಂದಳು.

ಸಂಜೆ ಮೋಟಾರು ಒಂದೇ ಎಳೆತಕ್ಕೆ ಗುರ್ರೆಂದಿತು. ಹೆಂಡತಿ ಓಡಿ ಬಂದು ಕೇಳಿದಳು: "ಆ ಸ್ಪ್ರಿಂಗು ಏನು ಮಾಡಿದ್ರಿ?"

"ಒಳಗೆ ಕೂರಿಸ್ದೆ. ಅದೊಂದು ಜಾಗ ಖಾಲಿ ಇತ್ತು ಅಂತಾನೇ ಇಷ್ಟು ವರ್ಷ ಕಾಟ ಕೊಡ್ತಿತ್ತು ನೋಡು."

ಅಂದಿನಿಂದ ಮೋಟಾರು ಒಮ್ಮೆಯೂ ಕೈಕೊಟ್ಟಿಲ್ಲ. ಹೆಂಡತಿ ಮಾತ್ರ, ದೋಣಿ ಹತ್ತುವಾಗಲೆಲ್ಲ, ಚೀಲದಲ್ಲಿ ಸ್ಪ್ರಿಂಗಿರುವ ಒಂದು ಹೊಸ ಪೆನ್ನು ಇಟ್ಟುಕೊಂಡೇ ಹತ್ತುತ್ತಾಳೆ.